ಆರ್ಲಿಸ್ ಥೀಲನ್ ಮ್ಯೂನಿಕ್‌ಗೆ ಹೋಗಿ ಕಾರು ತಂದದ್ದು

ಜನವರಿ 19, 2016, ಮಂಗಳವಾರ

ಇದು ಅಮ್ಮನ ಪುಸ್ತಕ. ಪಾರ್ಶ್ವವಾಯು ಬಡಿದು ಅಮ್ಮ ಹಾಸಿಗೆ ಹಿಡಿದ ಒಂಬತ್ತು ವರ್ಷ ಇಂಥ ಪುಸ್ತಕಗಳಲ್ಲಿ ನಾನು ಬರೆದದ್ದು ಒಂದೇ: ಎಷ್ಟು ಗಂಟೆಗೆ ಮಾತ್ರೆ, ಎಷ್ಟು ಲೋಟ ನೀರು, ಎಷ್ಟು ಸಲ ಮಗ್ಗುಲು ಬದಲಿಸಿದ್ದು. ನವೆಂಬರ್ ಎರಡಕ್ಕೆ ಬರಹ ನಿಂತಿದೆ. ಉಳಿದ ಹಾಳೆಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ನನ್ನ ಬಗ್ಗೆ ಬರೆಯಲು ಏನಾದರೂ ಇದೆಯೇ ಎಂದು ಯೋಚಿಸಿದ್ದೆ. ಇವತ್ತು ಇದೆ. ಕಾರು ಬುಕ್ ಮಾಡಿ ಬಂದೆ.

ಮಿನಿಯಾಪೊಲಿಸ್‌ಗೆ ಹೋದದ್ದು ಹಳೆಯ ವ್ಯಾನ್ ಮಾರುವುದಕ್ಕೆ. ಗಾಲಿಕುರ್ಚಿ ಹತ್ತಿಸುವ ಹಲಗೆ ಇರುವ ವ್ಯಾನ್. ಅದನ್ನು ಕೊಂಡವರು ಕಾಗದ ಸಿದ್ಧ ಮಾಡಲು ಒಂದು ಗಂಟೆ ಬೇಕು ಎಂದರು. ಹೊರಗೆ ಮೂಗು ಉದುರುವ ಚಳಿ. ಬೆಚ್ಚಗಿರಲಿ ಎಂದು ಎದುರಿನ ಶೋರೂಮಿಗೆ ಹೊಕ್ಕೆ. ಅದು ಜರ್ಮನ್ ಕಾರುಗಳ ಅಂಗಡಿ. ಪ್ರೆಸ್ಟನ್ ಎಂಬ ಹುಡುಗ ಕಾಫಿ ಕೊಟ್ಟ.

"ಯಾವ ಬಣ್ಣ ಇಷ್ಟ ನಿಮಗೆ, ಮಿಸ್ ಥೀಲನ್?" ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಕಡು ಹಸಿರು. ಒಳಗೆ ಕಂದು ಚರ್ಮ. ಆ ಹುಡುಗ ಬೇಸರ ಮಾಡಿಕೊಳ್ಳದೆ ಚರ್ಮದ ತುಂಡುಗಳನ್ನು ಒಂದೊಂದಾಗಿ ನನ್ನ ಮಡಿಲಲ್ಲಿ ಇಟ್ಟ.

"ಹಡಗಿನಲ್ಲಿ ಬರೋವರೆಗೂ ಇಲ್ಲೇ ಕಾಯಬಹುದು. ಇಲ್ಲಾಂದ್ರೆ ನೀವೇ ಮ್ಯೂನಿಕ್‌ಗೆ ಹೋಗಿ ಕಾರ್ಖಾನೆಯವರ ಕೈಯಿಂದ್ಲೇ ತಗೋಬಹುದು. ಒಂದು ವಾರ ಅಲ್ಲಿ ಓಡಿಸಿ ವಾಪಸ್ ಬಿಟ್ಟು ಬನ್ನಿ, ಅವರೇ ಹಡಗು ಹತ್ತಿಸಿ ಕಳಿಸ್ತಾರೆ. ಕೆಲವರಿಗೆ ಅದೇ ಇಷ್ಟ."

"ನಾನು ಹೋಗ್ತೀನಿ," ಎಂದೆ. ಯೋಚಿಸಿ ಹೇಳಿದ್ದಲ್ಲ.

"ನಿಮ್ಮನ್ನ ಬಿಟ್ಟು ಇನ್ಯಾರು ಓಡಿಸ್ತಾರೆ ಅಂತ ಬರೀಲಿ?"

"ಯಾರೂ ಇಲ್ಲ."

ರಾತ್ರಿ ಎರಡು ಸಲ ಎಚ್ಚರ. ಎದ್ದು ಅಮ್ಮನ ಕೋಣೆವರೆಗೂ ಹೋಗಿದ್ದೆ.

ಫೆಬ್ರವರಿ 6, ಶನಿವಾರ

ಡ್ವೇನ್ ಫೋನ್ ಮಾಡಿದ. ನಮ್ಮೂರು ಸೇಂಟ್ ಕ್ಲೌಡ್‌ನಲ್ಲಿ ಗುಟ್ಟು ಎಂಬುದು ಉಳಿಯುವುದಿಲ್ಲ.

"ಆರ್ಲಿ, ಅರವತ್ನಾಕು ವರ್ಷಕ್ಕೆ ತಲೆ ಕೆಟ್ಟಿತಾ ನಿಂಗೆ? ಇಲ್ಲಿ ಕಾರು ಸಿಗಲ್ವಾ? ಕಾರು ತರೋಕೆ ಸಮುದ್ರ ದಾಟ್ಬೇಕಾ?"

"ನೀನು ಮೀನು ಹಿಡಿಯೋಕೆ ಕೆನಡಾಗೆ ಹೋಗ್ತೀಯಲ್ಲ. ಇಲ್ಲಿ ಮೀನು ಸಿಗಲ್ವಾ?"

ನಕ್ಕ. ನನ್ನ ತಮ್ಮ ಬೇಗ ನಗುತ್ತಾನೆ. ಅಮ್ಮನಿಗೆ ಅವನಲ್ಲಿ ಇಷ್ಟವಾಗುತ್ತಿದ್ದುದೂ ಅದೇ. ಭಾನುವಾರ ಡೋನಟ್ ಡಬ್ಬ ಹಿಡಿದು ಬಂದು, ಅರ್ಧ ಗಂಟೆ ಕೂತು ಅಮ್ಮನನ್ನು ನಗಿಸಿ, ಮೂವತ್ತು ಮೈಲಿ ದೂರದ ಲಿಟ್ಲ್ ಫಾಲ್ಸ್‌ಗೆ ಹೊರಟುಬಿಡುತ್ತಿದ್ದ. ಆಮೇಲೆ ಅಮ್ಮನ ಗಲ್ಲದ ಮೇಲಿನ ಸಕ್ಕರೆ ಒರೆಸುತ್ತಿದ್ದವಳು ನಾನು.

ವಿಮಾನದವರು ಒಂದು ಟಿಕೆಟ್ಟಿಗೆ ಇನ್ನೊಂದು ಪುಕ್ಕಟೆ ಕೊಡುತ್ತಾರಂತೆ. ಜೊತೆಗೆ ಬರುತ್ತೀಯಾ ಎಂದು ಪಕ್ಕದ ಮನೆಯ ಗ್ಲಾಡಿಸ್‌ಳನ್ನು ಕೇಳಿದೆ, ಅವಳಿಗೆ ಸೊಂಟದ ಆಪರೇಷನ್. ಗ್ರಾನೈಟ್ ಕಂಪನಿಯಲ್ಲಿ ಮೂವತ್ತು ವರ್ಷ ನನ್ನ ಎದುರು ಮೇಜಿನಲ್ಲಿ ಕೂತು ಸಮಾಧಿಕಲ್ಲುಗಳ ಹೆಸರು, ತಾರೀಕು ತಪ್ಪಿಲ್ಲದೆ ಇದೆಯೇ ಎಂದು ನನ್ನ ಜೊತೆ ನೋಡುತ್ತಿದ್ದ ಮರ್ನಾಳನ್ನು ಕೇಳಿದೆ. "ಯಾವ ಆರ್ಲಿಸ್?" ಎಂದಳು. ಇನ್ನು ಯಾರ ಹೆಸರೂ ನೆನಪಿಗೆ ಬರಲಿಲ್ಲ.

ಮಾರ್ಚ್ 27, ಈಸ್ಟರ್ ಭಾನುವಾರ

ಡ್ವೇನ್ ಮನೆಯಲ್ಲಿ ಊಟ. ಅವನ ಹೆಂಡತಿ ಕೊಲೀನ್‌ಗೆ ಪಾರ್ಕಿನ್ಸನ್ ಬಂದು ಎರಡು ವರ್ಷ ದಾಟಿತು. ಬಲಗೈ ಈಗ ಚಮಚವನ್ನೂ ಹಿಡಿಯುವುದಿಲ್ಲ. ಮಾತು ಮಾತ್ರ ಚೂಪಾಗಿಯೇ ಇದೆ. ನನಗೆ ಅರಿವಿಲ್ಲದೆ ಅವಳ ತಟ್ಟೆಯ ಮಾಂಸವನ್ನು ಸಣ್ಣಗೆ ಕತ್ತರಿಸಿಬಿಟ್ಟಿದ್ದೆ.

"ಆರ್ಲಿ, ನೀನು ಒಂದು ದಿನ ಅತಿಥಿ ಥರ ಕೂತ್ಕೋಬಾರ್ದಾ?" ಎಂದಳು ಕೊಲೀನ್.

ಪಾತ್ರೆಗಳನ್ನೆಲ್ಲ ತೊಳೆದೆ. ಡ್ವೇನ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ, ಒರೆಸುತ್ತಿರಲಿಲ್ಲ.

"ಆ ಇನ್ನೊಂದು ಟಿಕೆಟ್ ಯಾರಿಗಾದ್ರೂ ಕೊಟ್ಯಾ?"

"ಇಲ್ಲ."

"ನಾನು ಬರ್ಲಾ?"

ಕೈಯಲ್ಲಿದ್ದ ತಟ್ಟೆ ಬಿಡುವಷ್ಟು ಅಚ್ಚರಿಯಾಯಿತು. ಕೊಲೀನ್‌ಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. ಮಗಳು ಟ್ರಿಶಾ ರಜೆ ಹಾಕಿ ಬರುತ್ತಾಳಂತೆ. ನನಗೆ ಖುಷಿಯಾಯಿತು. ಒಂಬತ್ತು ವರ್ಷ ಅರ್ಧ ಗಂಟೆಗಿಂತ ಹೆಚ್ಚು ಕೂರದವನು ಒಂದು ವಾರ ಜೊತೆಗಿರುತ್ತಾನೆ. ಬಹುಶಃ ಅಮ್ಮ ಹೋದ ಮೇಲೆ ಅವನಿಗೂ ಏನೋ ಅನ್ನಿಸಿರಬೇಕು.

ಬೆನ್ನು ನೋವು. ಒಂದು ಸಲ ಎಚ್ಚರ.

ಮೇ 11, ಬುಧವಾರ

ಕಾರು ತಯಾರಾಗಿದೆ ಎಂದು ಪ್ರೆಸ್ಟನ್ ಸಂದೇಶ. ಪಾಸ್‌ಪೋರ್ಟಿಗೆ ಫೋಟೊ ತೆಗೆಸಿದೆ. ಯಾರೋ ಸುಸ್ತಾದ ಮುದುಕಿ.

ಜೂನ್ 13, ಸೋಮವಾರ, ಮ್ಯೂನಿಕ್

ತಲುಪಿದೆವು. ಡ್ವೇನ್ ದಾರಿಯುದ್ದಕ್ಕೂ ಗೊರಕೆ ಹೊಡೆದ. ನಾನು ಕಣ್ಣು ಮುಚ್ಚಲಿಲ್ಲ. ಅವನ ತಲೆ ನನ್ನ ಭುಜದ ಮೇಲೆ ಜಾರಿದಾಗೆಲ್ಲ ನೆಟ್ಟಗೆ ಮಾಡಿದೆ. ಮಂಡಿಗಳು ಊದಿವೆ. ಸೂಪ್ ಕುಡಿದು ಮಲಗುತ್ತೇನೆ.

ಜೂನ್ 14, ಮಂಗಳವಾರ

ಕಾರು ಕೊಡುವ ಕಟ್ಟಡ ನಮ್ಮ ಕ್ಯಾಥೆಡ್ರಲ್‌ಗಿಂತ ದೊಡ್ಡದು. ಫ್ರಾವ್ (ಅಂದರೆ ಶ್ರೀಮತಿ) ಲೆಹ್ನರ್ ಎಂಬ ಹೆಂಗಸು ನಮ್ಮನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸಿದಳು. ಕೆಳಗೆ ದುಂಡನೆಯ ವೇದಿಕೆಯ ಮೇಲೆ ನನ್ನ ಕಾರು ದೀಪ ಹೊತ್ತಿಸಿಕೊಂಡು ನಿಧಾನ ತಿರುಗುತ್ತಿತ್ತು. ಆ ಹಸಿರು, ಅಂಗಡಿಯ ಬಣ್ಣದ ಮಾದರಿಯಲ್ಲಿ ಕಂಡದ್ದಕ್ಕಿಂತ ಕಪ್ಪು. ಇದು ಬೇರೆ ಯಾರದೋ, ಈಗ ಬಂದು ಕೇಳುತ್ತಾರೆ ಎನ್ನಿಸುತ್ತಿತ್ತು.

ಕೆಳಗಿಳಿದಾಗ ಡ್ವೇನ್ ಮುಂದೆ ಹೋಗಿ ಕೀಗೆ ಕೈ ಚಾಚಿದ. ದುರುದ್ದೇಶದಿಂದಲ್ಲ, ಅವನ ಕೈ ಹಾಗೆ ತಾನಾಗಿ ಚಾಚಿಕೊಳ್ಳುತ್ತದೆ. ಫ್ರಾವ್ ಲೆಹ್ನರ್ ಕಾಗದ ನೋಡಿದಳು.

"ಇದರಲ್ಲಿ ಓಡಿಸುವವರು ಒಬ್ಬರೇ ಅಂತಿದೆ. ಫ್ರಾವ್ ಥೀಲನ್," ಎಂದು ಅವನ ಕೈ ದಾಟಿಸಿ ಕೀ ನನಗೆ ಕೊಟ್ಟಳು.

"ಹೊರಗೆ ಹೋದ್ಮೇಲೆ ನಾನೇ ಓಡಿಸ್ತೀನಿ, ನೋಡ್ತಿರು," ಎಂದು ಡ್ವೇನ್ ಗೊಣಗಿದ.

ಫ್ರಾವ್ ಲೆಹ್ನರ್ ನನ್ನನ್ನು ಕೂರಿಸಿ ಕನ್ನಡಿ, ಸೀಟು ಎಲ್ಲ ಹೊಂದಿಸಿದಳು. ಯಾವುದೋ ಗುಂಡಿ ಒತ್ತಿದಾಗ ಬೆನ್ನ ಹಿಂದೆ ಸೀಟು ಉಬ್ಬಿ ಸೊಂಟಕ್ಕೆ ಒತ್ತಿತು.

"ನಿಮ್ಮ ಬೆನ್ನಿಗೆ ಹಾಯಾಗಿದೆಯಾ? ಇನ್ನೂ ಸ್ವಲ್ಪ ಆಸರೆ ಬೇಕಾ?"

ಉತ್ತರ ಕೊಡಲು ಹೋದೆ, ಬಾಯಿಂದ ಮಾತಿನ ಬದಲು ಅಳು ಬಂತು. ಹತ್ತಾರು ಜನ ನೋಡುತ್ತಿದ್ದರು. ಆ ಹೆಂಗಸು ಗಾಬರಿಯಾಗಲಿಲ್ಲ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದಳು.

"ವಿಮಾನದ ಆಯಾಸ," ಎಂದು ಡ್ವೇನ್ ಸುತ್ತಲಿನವರಿಗೆಲ್ಲ ಹೇಳಿದ.

ಇರಬಹುದು. ಎರಡು ದಿನದಿಂದ ನಿದ್ದೆ ಇಲ್ಲ.

ಜೂನ್ 15, ಬುಧವಾರ, ಮಿಟೆನ್ವಾಲ್ಡ್

ಹೊಸ ಎಂಜಿನ್ ಪಳಗುವವರೆಗೆ ಗಂಟೆಗೆ ನೂರ ಅರವತ್ತು ಕಿಲೋಮೀಟರ್ ದಾಟಬೇಡಿ ಎಂದು ಫ್ರಾವ್ ಲೆಹ್ನರ್ ಎಚ್ಚರಿಸಿದ್ದಳು. ನಾನು ತೊಂಬತ್ತು ದಾಟಲಿಲ್ಲ. ಲಾರಿಗಳು ಹಿಂದಿನಿಂದ ದೀಪ ಮಿನುಗಿಸಿ ಪಕ್ಕದಲ್ಲಿ ಹಾದುಹೋದವು.

"ಅಪ್ಪನ ಟ್ರ್ಯಾಕ್ಟರ್ ಇದಕ್ಕಿಂತ ಜೋರಾಗಿ ಹೋಗ್ತಿತ್ತು," ಎಂದ ಡ್ವೇನ್. "ನಾನು ಓಡಿಸ್ಲಾ?"

"ಬೇಡ."

"ಒಂದು ಐದು ಮೈಲಿ?"

"ಕಾಗದದಲ್ಲಿ ನಿನ್ನ ಹೆಸರಿಲ್ಲ."

"ಯಪ್ಪಾ, ದೊಡ್ಡ ಕಾನೂನು!"

ಕೋಖೆಲ್ ಸರೋವರದ ಬಳಿ ನಿಲ್ಲಿಸಿ ಬೆಂಚಿನ ಮೇಲೆ ಸಾಸೇಜ್ ತಿಂದೆವು. ಅವನು ಸಾಸಿವೆಯ ಕಾಗದವನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ. ಆಗ ಕೇಳಿದ.

"ಆರ್ಲಿ, ನಮ್ಮನೆಗೆ ಬಂದು ಇರ್ತೀಯಾ? ಕೆಳಗಿನ ಕೋಣೆ ನಿಂಗೇ. ಸುಣ್ಣ ಬಣ್ಣ ಮಾಡಿಸ್ತೀನಿ. ನೀನೂ ಒಬ್ಳೇ ಇದ್ದೀಯ... ಕೊಲೀನ್‌ಗೂ ನೀನಂದ್ರೆ ಇಷ್ಟ. ನಿಂಗೆ ಅದೆಲ್ಲ ಅಭ್ಯಾಸ ಇದೆಯಲ್ಲ."

"ಇದನ್ನ ಕೇಳೋಕೇ ಬಂದ್ಯಾ?"

"ಬರೀ ಅದಕ್ಕೇ ಅಲ್ಲ," ಎಂದ. ಸುಳ್ಳು ಹೇಳಲು ಅವನಿಗೆ ಚಿಕ್ಕಂದಿನಿಂದಲೂ ಬರುವುದಿಲ್ಲ.

ಕೈ ಒರೆಸಿಕೊಂಡು ಕಾರು ಹತ್ತಿದೆ. ಮಿಟೆನ್ವಾಲ್ಡ್‌ಗೆ ಹತ್ತಿರದ ದಾರಿ ಬೆಟ್ಟದ ಮೇಲಿತ್ತು. ನಾನು ಬಂದ ಹೆದ್ದಾರಿಗೇ ತಿರುಗಿಸಿದೆ. ಮುಳ್ಳು ನೂರ ಐವತ್ತೆಂಟಕ್ಕೆ ಹೋಗಿ ಅಲ್ಲೇ ನಿಂತಿತು. ಡ್ವೇನ್ ಮೇಲಿನ ಹಿಡಿಕೆ ಹಿಡಿದುಕೊಂಡಿದ್ದ. "ಆರ್ಲಿ. ಆರ್ಲಿ, ಸಾಕು," ಎಂದ. ಇಂಧನ ಸುಮ್ಮನೆ ವ್ಯರ್ಥ. ಯಾಕೆ ಹಾಗೆ ಓಡಿಸಿದೆನೋ ಗೊತ್ತಿಲ್ಲ.

ಜೂನ್ 16, ಗುರುವಾರ

ಮಳೆ. ಬೆಟ್ಟ ಕಾಣಿಸುವುದಿಲ್ಲ. ಡ್ವೇನ್ ತನ್ನ ಕೋಣೆಯಲ್ಲಿ, ನಾನು ನನ್ನದರಲ್ಲಿ.

ಒಪ್ಪಿಕೊಳ್ಳುವುದೇ ಸರಿ. ಕೊಲೀನ್ ಒಳ್ಳೆಯವಳು. ಅಮ್ಮನ ಕಮೋಡ್ ಕುರ್ಚಿ, ಬಚ್ಚಲ ಹಿಡಿಕೆಗಳು ಗ್ಯಾರೇಜಿನಲ್ಲೇ ಇವೆ, ಒಯ್ಯಬಹುದು. ನನ್ನ ಮನೆಯನ್ನು ಬಾಡಿಗೆಗೆ ಕೊಡಬಹುದು. ಅವಳ ಮಾತ್ರೆಗಳ ಹೊತ್ತು ಕೇಳಿ ಬರೆದಿಟ್ಟುಕೊಳ್ಳಬೇಕು. ಈ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ.

ನಾಳೆ ತಿಂಡಿಯ ಹೊತ್ತಿಗೆ ಆಗಲಿ ಎಂದು ಹೇಳುತ್ತೇನೆ. ಬೇರೆ ಯಾರಿದ್ದಾರೆ?

ಜೂನ್ 17, ಶುಕ್ರವಾರ

ಆಗಲಿ ಎನ್ನಲು ಬಾಯಿ ತೆರೆದೆ. ಡ್ವೇನ್ ಮೊಟ್ಟೆಯ ತಲೆ ಒಡೆಯುತ್ತಿದ್ದ. "ಇಲ್ಲ," ಎಂದೆ.

"ಏನಿಲ್ಲ?"

"ನಾನು ಬರಲ್ಲ. ನಿಮ್ಮನೆಗೆ."

ಅವನು ಚಮಚ ಕೆಳಗಿಟ್ಟ. ನಾನೇ ಕೇಳಿಸಿಕೊಂಡದ್ದು ಸರಿಯೇ ಎಂದು ನೋಡುವವಳಂತೆ ಇನ್ನೊಂದು ಸಲ ಹೇಳಿದೆ. ಇಬ್ಬರೂ ತಿಂಡಿ ಮುಗಿಸಿದೆವು. ಆಮೇಲೆ ಅವನು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ.

"ನನ್ನಿಂದಾಗಲ್ಲ ಆರ್ಲಿ. ನಿಂಗೆ ಅದು ಬರತ್ತೆ. ಹುಟ್ಟುತ್ತಲೇ ಬಂದಿದೆ."

"ಹುಟ್ಟುತ್ತಲೇ?" ನನ್ನ ದನಿ ಪಕ್ಕದ ಕೋಣೆಗೂ ಕೇಳಿಸಿರಬೇಕು. "ಮೊದಲನೇ ವಾರ ಅಮ್ಮನ್ನ ಎರಡು ಸಲ ಕೆಳಗೆ ಬೀಳಿಸಿದ್ದೆ, ಗೊತ್ತಾ ನಿಂಗೆ? ಅಮ್ಮನ್ನ ಹೇಗೆ ತೊಳೀಬೇಕು ಅಂತ ಗೊತ್ತಾಗ್ದೆ ಬಚ್ಚಲಲ್ಲಿ ಕೂತು ಅತ್ತಿದ್ದೆ. ನನಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ನೀನು ಒಂಬತ್ತು ವರ್ಷ ಡೋನಟ್ ತಂದೆ, ಡ್ವೇನ್. ಡೋನಟ್!"

ಅವನು ಮಂಚದ ತುದಿಯಲ್ಲಿ ಕೂತ. ಈ ಸಲ ನಗಲಿಲ್ಲ.

"ಫೆಬ್ರವರಿ ಕೊನೇಲಿ ಕೊಲೀನ್ ಸ್ನಾನ ಮಾಡ್ತಾ ಬಿದ್ಲು," ಎಂದ. "ನಾನು ಬಾಗಿಲಲ್ಲೇ ನಿಂತ್ಬಿಟ್ಟೆ. ಎಲ್ಲಿ ಹಿಡೀಬೇಕು ಗೊತ್ತಾಗ್ಲಿಲ್ಲ. ಹಿಡಿದ್ರೆ ಮುರಿದ್ಹೋಗ್ತಾಳೆ ಅನ್ನಿಸ್ತು. ಪಕ್ಕದ್ಮನೆ ಕರ್ಟಿಸ್‌ನ ಕೂಗಿದೆ. ಅವನು ಬಂದು ಎತ್ತಿದ. ಮೈಮೇಲೆ ಬಟ್ಟೆ ಇರ್ಲಿಲ್ಲ ಆರ್ಲಿ. ಟವಲ್ ಹೊದಿಸ್ಬೇಕು ಅಂತಾನೂ ಹೊಳೀಲಿಲ್ಲ ನಂಗೆ. ನಾಕು ದಿನ ನನ್ನ ಹತ್ರ ಮಾತಾಡ್ಲಿಲ್ಲ ಅವ್ಳು. ನಲವತ್ತು ವರ್ಷದಲ್ಲಿ ಹಾಗೆ ಯಾವತ್ತೂ ಆಗಿಲ್ಲ."

ಹೊರಗೆ ಮಳೆ ಸುರಿಯುತ್ತಲೇ ಇತ್ತು. ಈ ಮನುಷ್ಯನ ಮೇಲೆ ಸಿಟ್ಟನ್ನು ಹಿಡಿದಿಟ್ಟುಕೊಳ್ಳುವುದೂ ಒಂದು ಕೆಲಸವೇ. ನನಗೆ ಸುಸ್ತಾಗಿತ್ತು.

"ಶೂ ಬಿಚ್ಚು," ಎಂದೆ. "ಮಲಕ್ಕೋ."

"ಏನು?"

"ಮಲಕ್ಕೋ ಅಂದೆ. ನೀನೀಗ ಕೊಲೀನ್. ಮೈ ಸಡಿಲ ಬಿಡು, ನನಗೆ ಸಹಾಯ ಮಾಡ್ಬೇಡ."

ಮೊದಲು ಮಗ್ಗುಲು ಬದಲಿಸುವುದನ್ನು ತೋರಿಸಿದೆ: ಆಚೆಯ ಮಂಡಿ ಮಡಚಿಸಿ, ಒಂದು ಕೈ ಭುಜಕ್ಕೆ, ಒಂದು ಸೊಂಟಕ್ಕೆ, ನಮ್ಮ ಕಡೆಗೆ ಉರುಳಿಸಿಕೊಳ್ಳುವುದು. ಆಮೇಲೆ ಎಬ್ಬಿಸಿ ಕೂರಿಸುವುದು. ಆಮೇಲೆ ನಿಲ್ಲಿಸುವುದು. ನೂರು ಕೆಜಿ ಮೀರಿದ ನನ್ನ ತಮ್ಮ ಗಾಳಿ ಹೋದ ಟಯರಿನಂತೆ ಬಿದ್ದುಕೊಂಡಿದ್ದ.

"ನಿನ್ನ ಬೆನ್ನಿಂದ ಎತ್ಬೇಡ. ಮಂಡಿಯಿಂದ. ಕಂಕುಳಲ್ಲಿ ಕೈ ಹಾಕಿ ಜಗ್ಗಬೇಡ, ತೋಳು ಕಳಚತ್ತೆ. ಮೊದಲು ಹೇಳು: ಈಗ ಎತ್ತುತ್ತೀನಿ ಅಂತ. ಯಾವಾಗ್ಲೂ ಹೇಳಿಯೇ ಮುಟ್ಟು. ಟವಲ್ ಮೊದಲು, ಉಳಿದದ್ದೆಲ್ಲ ಆಮೇಲೆ."

"ಇಷ್ಟೆಲ್ಲ ಇದೆಯಾ?" ಎಂದ. ಆಮೇಲೆ ಮೆಲ್ಲಗೆ, "ನಿನಗೆ ಇದನ್ನ ದಿನಕ್ಕೆ ಎಷ್ಟು ಸಲ..."

"ಲೆಕ್ಕ ಪುಸ್ತಕದಲ್ಲಿದೆ. ಎದ್ದೇಳು. ಈಗ ನಿನ್ನ ಸರದಿ."

ನಾನು ಮಲಗಿದೆ. ಮೊದಲ ಸಲ ನನ್ನ ಕೂದಲು ಅವನ ಗಡಿಯಾರಕ್ಕೆ ಸಿಕ್ಕಿ ಕಿರುಚಿದೆ. ಎರಡನೆಯ ಸಲ ಹೇಳುವುದನ್ನೇ ಮರೆತ, ಬೈದೆ. ಮೂರನೆಯ ಸಲ, "ಆರ್ಲಿ, ಈಗ ಎಬ್ಬಿಸ್ತೀನಿ," ಎಂದ. ಅವನ ಅಂಗೈ ನನ್ನ ಬೆನ್ನಿನ ಕೆಳಗೆ ಹೋಯಿತು. ಕೂರಿಸಿದ. ಪಾದ ನೆಲಕ್ಕೆ ತಂದ. ತನ್ನ ಮಂಡಿಯನ್ನು ನನ್ನ ಮಂಡಿಗೆ ಆನಿಸಿ, ಎರಡೂ ಕೈ ಬಳಸಿ, ತೂಗಿದಂತೆ ಎತ್ತಿ ನಿಲ್ಲಿಸಿದ. ನನ್ನ ಗಲ್ಲ ಅವನ ಭುಜದ ಮೇಲಿತ್ತು. ಮೈಯ ಭಾರವನ್ನೆಲ್ಲ ಇನ್ನೊಬ್ಬರು ಹೊತ್ತಾಗ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಿಂತ ತಕ್ಷಣ ಬಿಡು ಎನ್ನಬೇಕಿತ್ತು. ಸ್ವಲ್ಪ ತಡವಾಗಿ ಅಂದೆ.

ಆಗಲೇ ನಾವು ಇಳಿದಿದ್ದ ತಂಗುಮನೆಯ ಒಡತಿ ಟವಲ್ ಹಿಡಿದು ಒಳಗೆ ಬಂದದ್ದು.

"ಇವಳು ನನ್ನ ಅಕ್ಕ!" ಎಂದು ಡ್ವೇನ್ ಕೂಗಿದ. ಆಕೆ ಟವಲ್ ಅಲ್ಲೇ ಬಿಟ್ಟು ಹೋದಳು. ನಾನು ನೆಲದ ಮೇಲೆ ಕೂತು ನಕ್ಕೆ, ಪಕ್ಕೆ ಹಿಡಿದುಕೊಳ್ಳುವಷ್ಟು.

ಜೂನ್ 18, ಶನಿವಾರ

ಎಂಟೂವರೆಗೆ ಎದ್ದೆ. ಗಡಿಯಾರ ಕೆಟ್ಟಿದೆ ಎಂದುಕೊಂಡೆ.

ಮಳೆ ಬಿಟ್ಟಿತು. ಬೆಟ್ಟದ ದಾರಿಯಲ್ಲಿ ಓಡಿಸಿದೆ. ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಒಂದು ಕಡೆ ಹಸುಗಳ ಹಿಂಡು ಅಡ್ಡ ಬಂತು. ಕಿಟಕಿ ಇಳಿಸಿ ಕಾದೆ, ಹಸುವೊಂದು ಕನ್ನಡಿ ನೆಕ್ಕಿತು. ಡ್ವೇನ್ ಒರೆಸಲು ಇಳಿಯಲಿದ್ದ, ಬೇಡ ಎಂದೆ. ಮಧ್ಯಾಹ್ನ ಅವನು ಓಡಿಸಲೇ ಎಂದು ಕೇಳಲಿಲ್ಲ. ಅಭ್ಯಾಸ ಮಾಡೋಣ ಎಂದ. ಐದು ಸಲ ಮಾಡಿದ. ಸಂಜೆ ಹಂದಿಮಾಂಸ, ಬೇಯಿಸಿದ ಆಲೂಗಡ್ಡೆ ಉಂಡೆ, ಬಿಯರ್. ಬಿಸಿಯಾಗಿಯೇ ತಿಂದೆ. ಇನ್ನೊಂದು ಉಂಡೆ ಕೇಳಿ ಹಾಕಿಸಿಕೊಂಡೆ.

ಜೂನ್ 20, ಸೋಮವಾರ, ಮ್ಯೂನಿಕ್‌ನಿಂದ ಮನೆಗೆ

ಕಾರನ್ನು ಹಡಗಿನವರ ಕಚೇರಿಯಲ್ಲಿ ಬಿಟ್ಟೆವು. ಒಬ್ಬ ಮನುಷ್ಯ ಸುತ್ತಲೂ ನಡೆದು ಗೀರುಗಳಿಲ್ಲ ಎಂದು ಬರೆದುಕೊಂಡು ಕೀ ತೆಗೆದುಕೊಂಡ. ಹಿಂದಿರುಗಿ ನೋಡಿದೆ, ಆಮೇಲೆ ನೋಡಲಿಲ್ಲ. ಟ್ಯಾಕ್ಸಿಯಲ್ಲಿ ಡ್ವೇನ್ ಕೊಲೀನ್‌ಗೆ ಫೋನ್ ಮಾಡಿದ.

"ಇಲ್ಲ, ಅವ್ಳು ಬರಲ್ಲ," ಎಂದ. ತುಂಬ ಹೊತ್ತು ಆ ಕಡೆಯ ಮಾತು ಕೇಳಿದ. "ಇಲ್ಲ, ನಾನೇ. ನಾನು ಕಲ್ತಿದ್ದೀನಿ. ನಗ್ಬೇಡ ಕೊಲೀನ್."

ವಿಮಾನದಲ್ಲಿ ಅವನ ತಲೆ ನನ್ನ ಭುಜಕ್ಕೆ ಬಂತೋ ಇಲ್ಲವೋ ತಿಳಿಯದು. ನಾನು ನಿದ್ದೆ ಹೋಗಿದ್ದೆ.

ಆಗಸ್ಟ್ 23, ಮಂಗಳವಾರ

ಕಾರು ಬಂತು. ಪ್ರೆಸ್ಟನ್ ಶೋರೂಮಿನ ಬಾಗಿಲಲ್ಲೇ ಕಾಯುತ್ತಿದ್ದ. "ಹೇಗಿತ್ತು ಪ್ರವಾಸ?" ಎಂದ. "ಬೆನ್ನಿಗೆ ಹಾಯಾಗಿತ್ತು," ಎಂದೆ. ಅರ್ಥವಾಗದೆ ನಕ್ಕ.

ಮನೆಗೆ ಹೋಗಲು ಸೇಂಟ್ ಕ್ಲೌಡ್‌ನಲ್ಲಿ ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಇನ್ನೂ ಎರಡೂವರೆ ಗಂಟೆ ದಾರಿಯ ದುಲೂತ್‌ವರೆಗೂ ಹೋಗಿ ಸರೋವರದ ದಂಡೆಯಲ್ಲಿ ಒಂದು ಕಾಫಿ ಕುಡಿದು ಬಂದೆ. ಯಾರಿಗೂ ಹೇಳಬೇಕಾಗಿರಲಿಲ್ಲ.

ಸೆಪ್ಟೆಂಬರ್ 4, ಭಾನುವಾರ

ಡ್ವೇನ್ ಫೋನ್. ದನಿ ಬಸವಳಿದಿತ್ತು.

"ನಿನ್ನೆ ಮತ್ತೆ ಬಿದ್ಲು. ಎತ್ತಿದೆ. ಟವಲ್ ಮೊದಲು. ಆದ್ರೆ ಆರ್ಲಿ, ಸಾಯೋಷ್ಟು ಸುಸ್ತು. ದಿನಾ ಹೀಗೇನಾ?"

"ದಿನಾ ಹೀಗೇ. ವಾರಕ್ಕೆ ಮೂರು ದಿನ ನರ್ಸ್ ಬರೋ ಏರ್ಪಾಡು ಇದೆ, ಕೌಂಟಿ ಸರ್ಕಾರಿ ಆಫೀಸಿನವರನ್ನ ಕೇಳು. ಅಮ್ಮನಿಗೆ ಅಂತ ನಾನು ಕೇಳ್ದೆ ಇದ್ದಿದ್ದು ತಪ್ಪು."

"ನಾಳೆ ಬರ್ತೀಯಾ?"

ಆ ಕ್ಷಣ ಎದ್ದು ಕೋಟು ಹಾಕಿಕೊಳ್ಳುವಂತಾಯಿತು. "ಗುರುವಾರ ಬರ್ತೀನಿ," ಎಂದೆ. "ಊಟಕ್ಕೆ."

ಕೊಲೀನ್ ಫೋನ್ ಕಸಿದುಕೊಂಡಳು. "ಊಟ ಬಿಡು. ಆ ಕಾರಿನಲ್ಲಿ ನನ್ನ ಕರ್ಕೊಂಡು ಹೋಗು. ಇವನ್ನ ಮನೇಲಿ ಬಿಡೋಣ, ಮಲಗಲಿ."

ಸೆಪ್ಟೆಂಬರ್ 8, ಗುರುವಾರ

ಹನ್ನೊಂದಕ್ಕೆ ಅವರ ಮನೆ ಮುಂದೆ ನಿಲ್ಲಿಸಿದೆ. ಡ್ವೇನ್ ಕೊಲೀನ್‌ಳ ಸೊಂಟಕ್ಕೆ ಹಿಡಿದು ನಡೆಸುವ ಬೆಲ್ಟು ಕಟ್ಟಿ, ಪಕ್ಕದಲ್ಲಿ ಹಿಡಿದುಕೊಂಡು, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸಿದ. ಅವಳ ಪಾದ ನೆಲಕ್ಕೆ ಅಂಟಿ ನಿಂತಾಗ ಎಳೆಯಲಿಲ್ಲ, ಕಾದ. ನಾನು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ಎರಡು ಸಲ ಕೈ ಬಾಗಿಲಿನ ಹಿಡಿಕೆಗೆ ಹೋಯಿತು. ಇಳಿಯಲಿಲ್ಲ. ಈ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಕಷ್ಟದ್ದು ಇರಲಿಲ್ಲ ಎನ್ನಿಸುತ್ತದೆ.

"ಈಗ ತಿರುಗಿಸ್ತೀನಿ," ಎಂದ. ಅವಳ ತಲೆಗೆ ಕಾರಿನ ಬಾಗಿಲಿನ ಮೇಲಂಚು ತಾಗದಂತೆ ಅಂಗೈ ಅಡ್ಡ ಹಿಡಿದು ಕೂರಿಸಿದ. ಕಾಲುಗಳನ್ನು ಒಳಗಿಟ್ಟ. ಸೀಟಿನ ಪಟ್ಟಿ ಹಾಕಿದ. ಅಂಚಿಗೆ ಅಂಗೈ ಅಡ್ಡ ಹಿಡಿಯುವುದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಬಾಗಿಲು ಹಾಕಿ ಹಿಂದೆ ಸರಿದು ನಿಂತ. ಏನು ಮಾಡಬೇಕೆಂದು ತಿಳಿಯದ ಅವನ ಕೈಗಳು ಎರಡೂ ಬದಿಗೆ ಜೋತುಬಿದ್ದಿದ್ದವು.

"ಹೋಗಿ ಮಲಕ್ಕೋ, ಡ್ವೇನ್," ಎಂದೆ ಕಿಟಕಿಯಿಂದ.

ಹೆದ್ದಾರಿಗೆ ಬಂದೆವು. ಕೊಲೀನ್ ನಡುಗುವ ಬಲಗೈಯನ್ನು ಎಡಗೈಯಲ್ಲಿ ಅದುಮಿಕೊಂಡಿದ್ದಳು.

"ಅವನು ಚೆನ್ನಾಗಿ ಎತ್ತುತ್ತಾನೆ ಈಗ," ಎಂದಳು. "ಕಚಗುಳಿ ಆಗತ್ತೆ, ಅಷ್ಟೇ. ಹೇಳಿಲ್ಲ ಅವನಿಗೆ. ಹೇಳಿದ್ರೆ ಭಯಪಟ್ಟು ಬಿಟ್ಬಿಡ್ತಾನೆ."

ರಸ್ತೆ ನೇರವಾಗಿ, ಖಾಲಿಯಾಗಿ ಮುಂದಿತ್ತು.

"ಎಲ್ಲಿಗೆ ಹೋಗೋಣ?" ಎಂದೆ.

"ಅದನ್ನ ಕೇಳ್ಬೇಡ," ಎಂದಳು. "ಸ್ವಲ್ಪ ಜೋರಾಗಿ ಓಡ್ಸು."